ಭೂಮಿಯ ಗುರುತ್ವ ದಿಢೀರನೆ ಇಲ್ಲವಾದರೆ ಮಡಿಕೇರಿಯಲ್ಲಿ ಮೊದಲು ಏನಾಗುತ್ತದೆ?

ಗೋಣಿಕೊಪ್ಪ ವಿಜ್ಞಾನ:

ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆ ಪಾಠ ನಡೆಯುತ್ತಿದೆ. ಮಕ್ಕಳು ಮೊಬೈಲಿನಲ್ಲಿ ನೋಡುವ ವಿಡಿಯೊಗಳೆಲ್ಲ ಒಂದೇ ಥರ: ಗುರುತ್ವ ಹೋದ ಕ್ಷಣವೇ ದನ, ಜೀಪು, ಮನುಷ್ಯರು ಎಲ್ಲ ಸರ್ರನೆ ಆಕಾಶಕ್ಕೆ. ಇದು ಎಷ್ಟು ಸರಿ? ಮಡಿಕೇರಿಯ ರಾಜಾಸೀಟಿನಲ್ಲಿ ನಿಂತವರು ಸೆಕೆಂಡಿಗೆ ಎಷ್ಟು ಮೇಲೇರುತ್ತಾರೆ, ಗಾಳಿ ಎಷ್ಟು ಹೊತ್ತು ಇರುತ್ತದೆ, ಹಾರಂಗಿ ಜಲಾಶಯದ ನೀರು ಏನಾಗುತ್ತದೆ? ಅಂಕಿಗಳನ್ನು ಎಲ್ಲಿಂದ ತಂದಿರಿ ಎನ್ನುವುದನ್ನೂ ಹೇಳಿದರೆ ಬೋರ್ಡಿನ ಮೇಲೆ ಬಿಡಿಸಬಹುದು. ಜೊತೆಗೆ ಖರ್ಚಿಲ್ಲದೆ ತರಗತಿಯಲ್ಲೇ ಮಾಡುವ ಒಂದು ಪ್ರಯೋಗ ಇದ್ದರೆ ತಿಳಿಸಿ.

ಚಿಕ್ಲಿಹೊಳೆ:

ಮೇಡಂ, ಮೊದಲು ಯಾವುದನ್ನು ಇಲ್ಲವಾಗಿಸುತ್ತಿದ್ದೇವೆ ಎಂದು ಗೊತ್ತುಮಾಡಿಕೊಳ್ಳಿ. ಭೂಮಿಯ ಸೆಳೆತ ಮಾತ್ರ ಸೊನ್ನೆ. ಸೂರ್ಯನ ಸೆಳೆತ ಹಾಗೇ ಇದೆ, ಅಣುಗಳನ್ನು ಹಿಡಿದಿಟ್ಟಿರುವ ವಿದ್ಯುತ್ ಬಲಗಳೂ ಹಾಗೇ ಇವೆ. ಆದ್ದರಿಂದ ಮರ, ಕಟ್ಟಡ, ಮೂಳೆ ಯಾವುದೂ ತನ್ನಷ್ಟಕ್ಕೆ ಬಿಡಿಬಿಡಿಯಾಗುವುದಿಲ್ಲ. ಈ ಉತ್ತರದಲ್ಲಿ ಇನ್ನೂ ಒಂದು ಊಹೆ ಇದೆ: ಭೂಮಿ ಕುಗ್ಗದ, ಹಿಗ್ಗದ ಗಟ್ಟಿ ಗೋಳ. ವಿಡಿಯೊ ಮಾಡಿದವರ ಊಹೆಯೂ ಅದೇ.

ಆಗ ಮೇಲೇರಿಸುವುದು ಭೂಮಿಯ ತಿರುಗುವಿಕೆ ಮಾತ್ರ. ಮಡಿಕೇರಿ 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ಭೂಮಿಯ ಅಕ್ಷಕ್ಕೆ ಸುಮಾರು 6,230 ಕಿ.ಮೀ. ಭೂಮಿಯ ಕೋನವೇಗ ಸೆಕೆಂಡಿಗೆ 0.0000729 ರೇಡಿಯನ್. ಗುಣಿಸಿದರೆ ನಾವು ಪೂರ್ವಕ್ಕೆ ಸೆಕೆಂಡಿಗೆ 454 ಮೀಟರ್ ವೇಗದಲ್ಲಿ ಸಾಗುತ್ತಿದ್ದೇವೆ. ಗುರುತ್ವ ಹೋದರೆ ಈ ವೇಗದಲ್ಲೇ ನೇರ ಗೆರೆಯಲ್ಲಿ ಹೋಗುತ್ತೇವೆ, ನೆಲ ಮಾತ್ರ ಕೆಳಗೆ ಬಾಗುತ್ತಾ ದೂರವಾಗುತ್ತದೆ. ನೆಲದಲ್ಲಿ ನಿಂತು ನೋಡಿದರೆ ಇದು ಮೇಲ್ಮುಖವಾಗಿ 0.032 ಮೀಟರ್ ಪ್ರತಿ ಸೆಕೆಂಡ್ ವರ್ಗದ ವೇಗೋತ್ಕರ್ಷ, ಅಂದರೆ ಮಾಮೂಲಿ ಬೀಳುವಿಕೆಯ ಮುನ್ನೂರರಲ್ಲಿ ಒಂದು ಪಾಲು. 10 ಸೆಕೆಂಡಿಗೆ 1.6 ಮೀಟರ್, ಒಂದು ನಿಮಿಷಕ್ಕೆ 58 ಮೀಟರ್. ನಾವು ಸಮಭಾಜಕದ ಉತ್ತರಕ್ಕಿರುವುದರಿಂದ ಅದೇ ಒಂದು ನಿಮಿಷದಲ್ಲಿ ದಕ್ಷಿಣಕ್ಕೂ ಸುಮಾರು 13 ಮೀಟರ್ ಸರಿಯುತ್ತೇವೆ. ಸರ್ರನೆ ಹೋಗುವ ಮಾತೇ ಇಲ್ಲ. ಕಿಟಕಿಯ ಸರಳು ಹಿಡಿದುಕೊಂಡರೆ ಸಾಕು.

ಆದರೆ ತೂಕ ಹೊತ್ತು ಕುಗ್ಗಿರುವ ವಸ್ತುಗಳ ಕಥೆ ಬೇರೆ. ಭಾರದಿಂದ ಸ್ಪ್ರಿಂಗ್ ಎಷ್ಟು ಕುಗ್ಗಿದೆಯೋ ಅದನ್ನು (ಮೀಟರಿನಲ್ಲಿ) ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ, ಭಾರ ಹೋದಾಗ ಅದು ಚಿಮ್ಮಿಸುವ ವೇಗ ಸಿಗುತ್ತದೆ. 5 ಸೆಂಟಿಮೀಟರ್ ತಗ್ಗಿದ ಹಾಸಿಗೆ ಮಲಗಿದವರನ್ನು ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ ಮೇಲಕ್ಕೆ ಕಳಿಸುತ್ತದೆ. ಮೂರ್ನಾಲ್ಕು ಸೆಕೆಂಡಿನಲ್ಲಿ ತಲೆ ಸೂರಿಗೆ ತಾಗುತ್ತದೆ. ಜೀಪಿನ ಪ್ಲೇಟ್ ಸ್ಪ್ರಿಂಗ್ 15 ಸೆಂಟಿಮೀಟರ್ ಕುಗ್ಗಿದ್ದರೆ ಸೆಕೆಂಡಿಗೆ 1.2 ಮೀಟರ್. ಶಾಕ್ ಅಬ್ಸಾರ್ಬರ್ ಅದರಲ್ಲಿ ಒಂದಷ್ಟು ನುಂಗುತ್ತದೆ.

ಗಾಳಿಯೂ ಕುಗ್ಗಿದ ಸ್ಪ್ರಿಂಗೇ. ಈಗ ಅದನ್ನು ಹಿಡಿದಿರುವುದು ಮೇಲಿನ ಗಾಳಿಯ ತೂಕ. ಆ ತೂಕ ಹೋದರೆ ನೆಲಮಟ್ಟದ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ: ವಾತಾವರಣದ ಒತ್ತಡ ಸುಮಾರು ಮೂರನೇ ಒಂದಕ್ಕೆ ಇಳಿಯುವ ಎತ್ತರ 8.4 ಕಿ.ಮೀ., ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಭಾಗಿಸಿದರೆ 25 ಸೆಕೆಂಡ್. ಪ್ರತಿ 25 ಸೆಕೆಂಡಿಗೂ ಒತ್ತಡ ಹಿಂದಿದ್ದುದರ ಶೇ. 37ಕ್ಕೆ ಇಳಿಯುತ್ತದೆ. ಮಡಿಕೇರಿ 1,170 ಮೀಟರ್ ಎತ್ತರದಲ್ಲಿರುವುದರಿಂದ ಆರಂಭದ ಒತ್ತಡವೇ ಸುಮಾರು 88 ಕಿಲೋಪಾಸ್ಕಲ್. ಅರ್ಧ ನಿಮಿಷಕ್ಕೆ ಅದು ಎವರೆಸ್ಟ್ ತುದಿಯಲ್ಲಿರುವುದಕ್ಕಿಂತ ಕಡಿಮೆ. 65 ಸೆಕೆಂಡಿನ ಹೊತ್ತಿಗೆ 6.3 ಕಿಲೋಪಾಸ್ಕಲ್, ಅಂದರೆ ಮೈಬಿಸಿಗೇ ನೀರು ಕುದಿಯುವ ಒತ್ತಡ. ಹಿಗ್ಗುವ ಗಾಳಿ ತಣ್ಣಗಾಗುತ್ತದೆ; ಅರ್ಧ ನಿಮಿಷಕ್ಕೇ ಮೈನಸ್ 60 ಡಿಗ್ರಿ ಆಸುಪಾಸು ಬರಬೇಕು. ತೇವ ಹನಿಗಟ್ಟುವಾಗ ಶಾಖ ಬಿಡುವುದರಿಂದ ಅಷ್ಟು ಇಳಿಯಲಿಕ್ಕಿಲ್ಲ, ಆದರೆ ಕಣ್ಣು ಕಾಣದಷ್ಟು ಮಂಜು ಖಂಡಿತ.

ಹಾರಂಗಿಯ 8.5 ಟಿಎಂಸಿ ಎಂದರೆ 24 ಕೋಟಿ ಟನ್ ನೀರು. ಅದು ಒಮ್ಮೆಲೇ ಚಿಮ್ಮುವುದಿಲ್ಲ, ಏಕೆಂದರೆ ಮೇಲಿನ ಗಾಳಿಯ ಒತ್ತಡ ಇನ್ನೂ ಅದುಮಿ ಹಿಡಿದಿರುತ್ತದೆ. ಒಂದೂವರೆ ನಿಮಿಷದ ಹೊತ್ತಿಗೆ 22 ಡಿಗ್ರಿಯ ನೀರೇ ಕುದಿಯುವಷ್ಟು ಒತ್ತಡ ಇಳಿದಾಗ ನೊರೆಯೆದ್ದು ದಂಡೆ ಬಿಡುತ್ತದೆ.

ಬ್ರಹ್ಮಗಿರಿ:

ಚಿಕ್ಲಿಹೊಳೆಯವರ ಲೆಕ್ಕ ಅವರ ಊಹೆಗೆ ಸರಿಯಾಗಿದೆ. ಆದರೆ ಅವರೇ ಹೇಳಿದ ಜೀಪಿನ ಸ್ಪ್ರಿಂಗನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ತನ್ನ ತೂಕಕ್ಕೆ ತಾನೇ ಕುಗ್ಗಿರುವ ದೊಡ್ಡ ಸ್ಪ್ರಿಂಗ್ ಎಂದರೆ ಭೂಮಿಯೇ. ಹಾಸಿಗೆ ಚಿಮ್ಮುವುದಾದರೆ ನೆಲ ಸುಮ್ಮನೆ ಏಕೆ ಕೂತಿರಬೇಕು?

ಭೂಮಿಯೊಳಗಿನ ಯಾವುದೇ ಪದರ ತೆಗೆದುಕೊಳ್ಳಿ. ಗುರುತ್ವ ಅದನ್ನು ಒಳಕ್ಕೆ ಎಳೆಯುತ್ತದೆ. ಕೆಳಗಿನ ಒತ್ತಡ ಮೇಲಿನದಕ್ಕಿಂತ ಹೆಚ್ಚಿರುವುದರಿಂದ ಅದು ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಎರಡೂ ಸಮ, ಹಾಗಾಗಿ ಪದರ ನಿಂತಿದೆ. ಎಳೆತವನ್ನು ತೆಗೆಯಿರಿ, ತಳ್ಳುವಿಕೆ ಪೂರ್ತಿ ಉಳಿಯುತ್ತದೆ. ಅಂದರೆ ಮೊದಲ ಕ್ಷಣದಲ್ಲಿ ಪ್ರತಿ ಪದರವೂ ಅಲ್ಲಿನ ಗುರುತ್ವದಷ್ಟೇ ವೇಗೋತ್ಕರ್ಷದಿಂದ ಹೊರಕ್ಕೆ ಹೊರಡುತ್ತದೆ. ಮಡಿಕೇರಿಯ ನೆಲ 9.8ರಲ್ಲಿ ಮೇಲೇಳುತ್ತದೆ. ಅದರ ಮೇಲಿನ ಗಾಳಿಯೂ ಅದೇ 9.8ರಲ್ಲಿ, ಹಾರಂಗಿಯ ನೀರೂ ಅದೇ 9.8ರಲ್ಲಿ.

ಇದರ ಫಲ ವಿಚಿತ್ರ. ಮೊದಲ ಹತ್ತು ಸೆಕೆಂಡ್ ಯಾರಿಗೂ ಏನೂ ಗೊತ್ತಾಗುವುದಿಲ್ಲ! ನಮಗೆ ತೂಕ ಎಂದು ಅನ್ನಿಸುವುದು ಪಾದಕ್ಕೆ ನೆಲ ಕೊಡುವ ಒತ್ತು, ಅದು ಹಾಗೇ ಇದೆ. ಕಾಫಿ ಲೋಟದಲ್ಲೇ ಇರುತ್ತದೆ, ಲೋಲಕದ ಗಡಿಯಾರ ಸರಿಯಾಗಿ ನಡೆಯುತ್ತದೆ, ಮೊಬೈಲಿನ ವೇಗೋತ್ಕರ್ಷ ಮಾಪಕ 9.8 ಎಂದೇ ತೋರಿಸುತ್ತದೆ. ಹಾಸಿಗೆಯೂ ಜೀಪೂ ಚಿಮ್ಮುವುದಿಲ್ಲ. ಗಾಳಿಯೂ ಓಡಿಹೋಗುವುದಿಲ್ಲ, ಏಕೆಂದರೆ ನೆಲ ಅದರ ಬೆನ್ನಿಗೇ ಬರುತ್ತಿದೆ. ಸುಳಿವು ಕೊಡುವುದು ಜಿಪಿಎಸ್ ಎತ್ತರ ಮಾತ್ರ. 10 ಸೆಕೆಂಡಿಗೆ ನೆಲ 490 ಮೀಟರ್ ಏರಿರುತ್ತದೆ; 11ನೇ ಸೆಕೆಂಡಿಗೆ ಮಡಿಕೇರಿಯ ಎತ್ತರ ತಡಿಯಂಡಮೋಳ್ ಬೆಟ್ಟದ ಇವತ್ತಿನ 1,748 ಮೀಟರಿಗೆ ಸಮ.

ಸುಖ ಅಲ್ಲಿಗೆ ಮುಗಿಯಿತು. ಗೋಳ ದೊಡ್ಡದಾದರೆ ಅದರ ಮೈ ಹಿಗ್ಗಬೇಕು. 490 ಮೀಟರನ್ನು 6,371 ಕಿ.ಮೀ. ತ್ರಿಜ್ಯದಿಂದ ಭಾಗಿಸಿ: ಹತ್ತು ಸಾವಿರದಲ್ಲಿ ಮುಕ್ಕಾಲು ಪಾಲು. ಮಡಿಕೇರಿಯಿಂದ ಕುಶಾಲನಗರದ 30 ಕಿ.ಮೀ. ರಸ್ತೆ ಹತ್ತು ಸೆಕೆಂಡಿಗೆ 2.3 ಮೀಟರ್ ಉದ್ದವಾಗಬೇಕು. ಅದುಮಿದರೆ ಬಹಳಷ್ಟು ತಾಳುವ ಬಂಡೆ, ಎಳೆದರೆ ಸುಮಾರು 10 ಮೆಗಾಪಾಸ್ಕಲಿಗೇ ಬಿರಿಯುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ ಅಷ್ಟು ಎಳೆತ ಬಂದೇಬಿಡುತ್ತದೆ, ಅಂದರೆ 11 ಅಥವಾ 12ನೇ ಸೆಕೆಂಡಿಗೆ. ನಮ್ಮ ಜಿಲ್ಲೆಯ ಅಡಿಪಾಯ 300 ಕೋಟಿ ವರ್ಷಕ್ಕೂ ಹಳೆಯ ಚಾರ್ನೊಕೈಟ್ ಎಂಬ ಗಟ್ಟಿ ಬಂಡೆ. ಅದೂ ಇದಕ್ಕೆ ಹೊರತಲ್ಲ. ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಏಕೆಂದರೆ ಆಳದ ಬಂಡೆಗೆ ಮೊದಲು ಇದ್ದ ಅದುಮು ಸಡಿಲಬೇಕು, ಎಳೆತ ಶುರುವಾಗುವುದು ಆಮೇಲೆ. ಒಂದು ನಿಮಿಷಕ್ಕೆ ಸುಮಾರು 10 ಕಿ.ಮೀ. ಆಳದವರೆಗೆ ಮುಟ್ಟಬಹುದು. ಆ ಹೊತ್ತಿಗೆ ಅದೇ ರಸ್ತೆ ತುಂಡುತುಂಡಾಗಿ ಒಟ್ಟು 80 ಮೀಟರ್ ಬಾಯಿ ಬಿಟ್ಟಿರುತ್ತದೆ.

ಒಂದು ಮಾತು ಸೇರಿಸಬೇಕು. ಗುರುತ್ವವಿಲ್ಲದಿದ್ದರೆ ಗುಡ್ಡ ಜರಿಯುವುದಿಲ್ಲ ಎಂದು ಮಕ್ಕಳು ಹೇಳಿಯಾರು. ನೆಲ 9.8ರಲ್ಲಿ ಮೇಲೇಳುತ್ತಿರುವಷ್ಟು ಹೊತ್ತು ಇಳಿಜಾರಿನ ಮಣ್ಣಿಗೆ ಹಳೆಯ ತೂಕವೇ ಇದೆ. ಅಡಿಯಲ್ಲಿ ಬಂಡೆ ಬಿರಿದು ನಡುಗುವಾಗ, 2018ರ ಆಗಸ್ಟಿನಲ್ಲಿ ಜರಿದಂಥ ಇಳಿಜಾರುಗಳು ಮೊದಲು ಹೋಗುತ್ತವೆ.

ಈ ತಳ್ಳುವಿಕೆ ಎಷ್ಟು ಹೊತ್ತು? ಭೂಮಿ ಇಡಿಯಾಗಿ ಉಬ್ಬಿ ಕುಗ್ಗುವ ಸಹಜ ಕಂಪನದ ಅವಧಿ 20.5 ನಿಮಿಷ. ಇದು ಅಳೆದ ಸಂಖ್ಯೆ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದ ನಂತರ ಈ ಕಂಪನ ತಿಂಗಳುಗಟ್ಟಲೆ ಉಪಕರಣಗಳಲ್ಲಿ ಕಾಣಿಸುತ್ತಿತ್ತು. ಸ್ಪ್ರಿಂಗಿನ ತಳ್ಳುವಿಕೆ ಕಾಲು ಅವಧಿಯಲ್ಲಿ ಸೊನ್ನೆಗೆ ಬರುತ್ತದೆ, ಇಲ್ಲಿ ಸುಮಾರು 5 ನಿಮಿಷ 7 ಸೆಕೆಂಡ್. ಒಂದು ನಿಮಿಷಕ್ಕೆ ನಮ್ಮ ತೂಕ ಶೇ. 95 ಉಳಿದಿರುತ್ತದೆ, 3 ನಿಮಿಷ 24 ಸೆಕೆಂಡಿಗೆ ಅರ್ಧ. ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಇದರ ಜೊತೆಗೇ ಇಳಿಯುತ್ತದೆ, 25 ಸೆಕೆಂಡಿನಷ್ಟು ತಡವಾಗಿ. ಐದನೇ ನಿಮಿಷದಲ್ಲಿ ನೆಲ ಸುಮಾರು 370 ಕಿ.ಮೀ. ಮೇಲಿರುತ್ತದೆ, ಸೆಕೆಂಡಿಗೆ 1.9 ಕಿ.ಮೀ. ವೇಗದಲ್ಲಿ. ತೇಲುವುದು ಆಗ. ಅಷ್ಟರಲ್ಲಿ ಕೆಳಗೆ ಒತ್ತಡ ಇಳಿದ ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಬಂಡೆಯ ಪದರ) ಕರಗತೊಡಗಿರುತ್ತದೆ. ಸಾಗರದ ನಡುವಿನ ಏಣುಗಳಲ್ಲಿ ಶಿಲಾರಸ ಹುಟ್ಟುವುದೂ ಹೀಗೆ ಒತ್ತಡ ಇಳಿದೇ. ಸ್ಪ್ರಿಂಗ್ ಆಗಿದ್ದರೆ ವಾಪಸ್ ಎಳೆದುಕೊಳ್ಳುತ್ತಿತ್ತು. ಬಿರಿದ ಬಂಡೆಗೆ ಎಳೆದುಕೊಳ್ಳುವ ಶಕ್ತಿ ಇಲ್ಲ, ಹಿಂದೆ ತರಲು ಗುರುತ್ವವೂ ಇಲ್ಲ. ಎಲ್ಲವೂ ಹೊರಟ ವೇಗದಲ್ಲೇ ಹೊರಟುಹೋಗುತ್ತದೆ.

ಕಂಪನದ ಅವಧಿಯಲ್ಲಿ ಗುರುತ್ವದ ಪಾತ್ರವೂ ಸೇರಿರುವುದರಿಂದ ಈ ನಿಮಿಷಗಳನ್ನು ಸ್ಥೂಲ ಎಂದೇ ಹೇಳಿ. ಮೊದಲ ಹತ್ತು ಹನ್ನೆರಡು ಸೆಕೆಂಡಿನ ಅಂಕಿಗಳು ಮಾತ್ರ ಗಟ್ಟಿ.

ಕಾಜಾಣ:

ಬಂಡೆ ಸ್ಪ್ರಿಂಗಿನಂತೆ ಕುಗ್ಗಿದೆ ಎನ್ನುವುದಕ್ಕೆ ಮಕ್ಕಳಿಗೆ ತೋರಿಸುವ ಪುರಾವೆ ಇದೆಯೇ ಸರ್? 370 ಕಿ.ಮೀ. ಅಂದರೆ ನಂಬುವುದು ಕಷ್ಟ. ಇನ್ನೊಂದು: ಗುರುತ್ವ ಒಂದೇ ಒಂದು ಸೆಕೆಂಡ್ ಹೋಗಿ ಮತ್ತೆ ಬಂದರೆ ಬಚಾವಾಗುತ್ತೇವಾ?

ಬ್ರಹ್ಮಗಿರಿ:

ಪುರಾವೆ ನಮ್ಮ ರಾಜ್ಯದಲ್ಲೇ ಇದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಮೇಲಿನ ಬಂಡೆಯ ಒತ್ತಡ ಸುಮಾರು 85 ಮೆಗಾಪಾಸ್ಕಲ್, ಅಂದರೆ ಗಾಳಿಯ ಒತ್ತಡದ 800 ಪಟ್ಟಿಗೂ ಹೆಚ್ಚು. ಸುರಂಗ ಕೊರೆದು ಒಂದು ಬದಿ ಖಾಲಿ ಮಾಡಿದರೆ ಅದುಮಿಟ್ಟಿದ್ದ ಬಂಡೆ ಸಿಡಿದು ಒಳಕ್ಕೆ ಬರುತ್ತಿತ್ತು. ರಾಕ್ ಬರ್ಸ್ಟ್ ಎಂದು ಗಣಿಯವರು ಹೆದರುತ್ತಿದ್ದುದು ಇದಕ್ಕೇ. ಭೂಮಿಯ ಕೇಂದ್ರದಲ್ಲಿ ಒತ್ತಡ ಸುಮಾರು 360 ಗಿಗಾಪಾಸ್ಕಲ್, ಗಣಿಯದರ ನಾಲ್ಕು ಸಾವಿರ ಪಟ್ಟು.

ಎರಡನೆಯ ಪುರಾವೆ ಸಾಂದ್ರತೆ. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು. ಅದೇ ಕಲ್ಲು, ಅದೇ ಕಬ್ಬಿಣವನ್ನು ಒತ್ತಡವಿಲ್ಲದೆ ಇಟ್ಟರೆ 4ರ ಆಸುಪಾಸು ಬರುತ್ತದೆ. ಅದರ ಘನಮೂಲದ ಲೆಕ್ಕ ಹಾಕಿದರೆ ತ್ರಿಜ್ಯ ಶೇ. 10ರಷ್ಟು ಹೆಚ್ಚಬೇಕು, ಅಂದರೆ 600 ಕಿ.ಮೀ.ಗೂ ಮೇಲೆ. ನಾನು ಕಂಪನದಿಂದ ತೆಗೆದ 370 ಅದಕ್ಕಿಂತ ಕಡಿಮೆಯೇ ಇದೆ.

ಒಂದು ಸೆಕೆಂಡಿನ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ಆ ಸೆಕೆಂಡಿನಲ್ಲಿ ನೆಲ 4.9 ಮೀಟರ್ ಏರಿ, ಸೆಕೆಂಡಿಗೆ 9.8 ಮೀಟರ್ ವೇಗ ಪಡೆದಿರುತ್ತದೆ. ಗುರುತ್ವ ಮರಳಿದರೆ ಬಲಗಳು ಮತ್ತೆ ಸಮವಾಗುತ್ತವೆ, ಆದರೆ ವೇಗ ಉಳಿದುಕೊಳ್ಳುತ್ತದೆ; ಅದನ್ನು ತಡೆಯಲು ಆ ಕ್ಷಣಕ್ಕೆ ಹೆಚ್ಚುವರಿ ಬಲ ಏನೂ ಇಲ್ಲ. ನೆಲ ನಿಧಾನವಾಗಿ ಏರುತ್ತಲೇ ಹೋಗಿ ಐದು ನಿಮಿಷಕ್ಕೆ 1.9 ಕಿ.ಮೀ. ಮುಟ್ಟಿ ಹಿಂದಿರುಗುತ್ತದೆ, ಆಮೇಲೆ ಅಷ್ಟೇ ಕೆಳಕ್ಕೆ. ಸುಮಾತ್ರಾ ಭೂಕಂಪ ಎಬ್ಬಿಸಿದ ಇದೇ ಕಂಪನದಲ್ಲಿ ನೆಲ ಏರಿಳಿದದ್ದು ಒಂದು ಮಿಲಿಮೀಟರೂ ಇರಲಿಲ್ಲ. ಈ ಏರಿಳಿತ ಮೈಗೆ ಗೊತ್ತಾಗುವುದಿಲ್ಲ, ತೂಕದಲ್ಲಿ ಬರುವ ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲು ಅಷ್ಟೆ. ಬಂಡೆಗೆ ಗೊತ್ತಾಗುತ್ತದೆ. 640 ಮೀಟರ್ ಏರುವಷ್ಟರಲ್ಲಿ, ಅಂದರೆ ಸುಮಾರು 65ನೇ ಸೆಕೆಂಡಿಗೆ, ಅದೇ ಹತ್ತು ಸಾವಿರದಲ್ಲಿ ಒಂದರ ಗಡಿ ದಾಟುತ್ತದೆ. ಭೂಮಿ ಚೂರಾಗುವುದಿಲ್ಲ, ಆದರೆ ಮೇಲ್ಮೈ ಎಲ್ಲ ಕಡೆ ಒಟ್ಟಿಗೇ ಬಿರಿಯುತ್ತದೆ. ಬಚಾವು ಎನ್ನಲಾರೆ.

ನಾಲ್ಕುನಾಡು:

ಆಕಾಶದ ಕಡೆ ಚಿಕ್ಕ ಟಿಪ್ಪಣಿ. ಗುರುತ್ವ ಹೋದ ಸುದ್ದಿಯೂ ಬೆಳಕಿನ ವೇಗದಲ್ಲೇ ಹರಡುತ್ತದೆ, ಚಂದ್ರನಿಗೆ ಮುಟ್ಟಲು 1.28 ಸೆಕೆಂಡ್ ಬೇಕು. ಆಮೇಲೆ ಚಂದ್ರ ಸೆಕೆಂಡಿಗೆ 1.02 ಕಿ.ಮೀ.ನಂತೆ ಭೂಮಿಯ ಸುತ್ತ ಬಾಗದೆ ಸಾಗುತ್ತದೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳ ವೇಗ ಸೆಕೆಂಡಿಗೆ 3.07 ಕಿ.ಮೀ., ಒಂದು ಗಂಟೆಗೆ 11 ಸಾವಿರ ಕಿ.ಮೀ. ದಾಟುತ್ತವೆ. ಸೂರ್ಯನ ಸೆಳೆತ ಎಲ್ಲದಕ್ಕೂ ಸಮನಾಗಿ ಇರುವುದರಿಂದ ಚಂದ್ರ, ಉಪಗ್ರಹ, ಭೂಮಿಯ ಚೂರುಗಳು ಎಲ್ಲ ಸೂರ್ಯನ ಸುತ್ತಲೇ ಸುತ್ತುತ್ತಿರುತ್ತವೆ, ಒಂದೊಂದೂ ಸ್ವಲ್ಪ ಬೇರೆ ಕಕ್ಷೆಯಲ್ಲಿ.

ಮತ್ತೆ, ಇದು ನಿಜವಾಗಿ ನಡೆಯುವ ಬಾಬತ್ತಲ್ಲ ಎಂದೂ ಮಕ್ಕಳಿಗೆ ಹೇಳಿಬಿಡಿ ಮೇಡಂ. ದ್ರವ್ಯರಾಶಿ ಇರುವವರೆಗೆ ಗುರುತ್ವ ಇದ್ದೇ ಇರುತ್ತದೆ, ಅದಕ್ಕೆ ಸ್ವಿಚ್ ಇಲ್ಲ.

ಚಿಕ್ಲಿಹೊಳೆ:

ಪ್ರಯೋಗದ ಪ್ರಶ್ನೆ ಉಳಿದಿತ್ತು. ಬ್ರಹ್ಮಗಿರಿಯವರು ಹೇಳಿದ ವಿಷಯದ ತಿರುಳು ‘ತೂಕ ಎಂದರೆ ಕೆಳಗಿನಿಂದ ಸಿಗುವ ಒತ್ತು’ ಎನ್ನುವುದು. ಅದನ್ನು ತೋರಿಸಲು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು.

ತಳದಿಂದ 2 ಸೆಂಟಿಮೀಟರ್ ಮೇಲೆ ಕಾಯಿಸಿದ ಮೊಳೆಯಿಂದ 4 ಮಿಲಿಮೀಟರ್ ತೂತು ಮಾಡಿ. ಬೆರಳಿನಿಂದ ಮುಚ್ಚಿ, ತೂತಿನಿಂದ 20 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿ. ಬಣ್ಣ ಹಾಕಿದರೆ ಹಿಂದಿನ ಬೆಂಚಿಗೂ ಕಾಣುತ್ತದೆ. ಬೆರಳು ತೆಗೆದರೆ ನೀರು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಈಗ 2 ಮೀಟರ್ ಎತ್ತರದಿಂದ ಬಾಟಲಿಯನ್ನೇ ಬಕೆಟಿಗೆ ಬಿಡಿ. ಬೀಳುವ 0.64 ಸೆಕೆಂಡಿನಲ್ಲಿ ಧಾರೆ ನಿಂತುಬಿಡುತ್ತದೆ. ಕಣ್ಣಿಗೆ ಬೇಗ ಸಿಗುವುದಿಲ್ಲ, ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಇಟ್ಟರೆ 150ರಷ್ಟು ಚಿತ್ರ ಸಿಗುತ್ತವೆ.

ಕೆಡುವುದು ಮೂರು ಕಾರಣಕ್ಕೆ. ಮುಚ್ಚಳ ಹಾಕಿದ್ದರೆ ಮೇಲಿನಿಂದ ಗಾಳಿ ಸೇರದೆ ಧಾರೆ ಮೊದಲೇ ನಿಲ್ಲುತ್ತದೆ, ಪ್ರಯೋಗಕ್ಕೆ ಅರ್ಥವಿಲ್ಲ. ತೂತು 2 ಮಿಲಿಮೀಟರಿಗಿಂತ ಸಣ್ಣದಾದರೆ ಧಾರೆ ತೆಳುವಾಗಿ ವಿಡಿಯೊದಲ್ಲಿ ಕಾಣುವುದಿಲ್ಲ. ಬಿಡುವಾಗ ಕೈ ತಿರುಚಿ ಬಾಟಲಿ ಗಿರಕಿ ಹೊಡೆದರೆ, ತಿರುಗುವುದರಿಂದಲೇ ನೀರು ಹೊರಗೆ ಬಂದು ಮಕ್ಕಳು ‘ನಿಲ್ಲಲಿಲ್ಲ’ ಎನ್ನುತ್ತಾರೆ. ಎರಡು ಬೆರಳಲ್ಲಿ ಕುತ್ತಿಗೆ ಹಿಡಿದು ಸುಮ್ಮನೆ ಸಡಿಲಿಸಿ.

ಆಮೇಲೆ ಬಾಟಲಿಯನ್ನು ತಿರುಗದಂತೆ ನೇರ ಮೇಲಕ್ಕೆ ಎಸೆಯಿರಿ. ಕೈಬಿಟ್ಟ ಕ್ಷಣದಿಂದಲೇ, ಬಾಟಲಿ ಮೇಲೇರುತ್ತಿರುವಾಗಲೂ ಧಾರೆ ಇರುವುದಿಲ್ಲ. ‘ಬೀಳುವಾಗ ಮಾತ್ರ ತೂಕ ಇಲ್ಲ’ ಎಂದು ಬರೆದುಕೊಂಡ ಮಕ್ಕಳು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಪಾಠ ಕೂರುವುದು ಇಲ್ಲೇ.

ಅಂಕಿ ಬೇಕಿದ್ದರೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ವೇಗೋತ್ಕರ್ಷ ಮಾಪಕ ಎರಡು ಬಗೆ. ಗುರುತ್ವ ಸೇರಿದ್ದನ್ನೇ ಆಯ್ದುಕೊಳ್ಳಬೇಕು, ಇನ್ನೊಂದು ನಿಂತಾಗಲೇ ಸೊನ್ನೆ ತೋರಿಸುತ್ತದೆ. ಮೊಬೈಲನ್ನು 1.25 ಮೀಟರ್ ಎತ್ತರದಿಂದ ನಾಲ್ಕು ಮಡಿಕೆಯ ರಜಾಯಿ ಮೇಲೆ ಅಡ್ಡಲಾಗಿ ಬಿಡಿ. ನಕ್ಷೆಯಲ್ಲಿ 9.8ರ ಗೆರೆ, ಅರ್ಧ ಸೆಕೆಂಡ್ ಸೊನ್ನೆಯ ಹತ್ತಿರ, ಕೊನೆಗೆ ಬಿದ್ದ ಏಟಿನ ಮೊನೆ. ಸೊನ್ನೆಯ ಬದಲು 0.5 ಬಂದರೆ ಮೊಬೈಲ್ ಬೀಳುವಾಗ ಉರುಳಿದೆ ಎಂದರ್ಥ, ಇನ್ನೊಮ್ಮೆ ಬಿಡಿ. ಏಟಿನ ಅಂಕಿಯನ್ನು ಮಾತ್ರ ನಂಬಬೇಡಿ, ಮಾಪಕ ತನ್ನ ಗರಿಷ್ಠ ಮಿತಿ ಮುಟ್ಟಿದ ಮೇಲೆ ಅಷ್ಟಕ್ಕೇ ನಿಂತುಬಿಡುತ್ತದೆ.